ಹಳೆಯ ಕನ್ನಡ ಕಾದಂಬರಿಯನ್ನು ಉಚಿತ ಇ-ಪುಸ್ತಕವಾಗಿ ಹುಡುಕಿ ಓದುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ಹಳೆಯ ಕಾದಂಬರಿ ಕೇಳಿಕೊಂಡು ಪುಸ್ತಕದಂಗಡಿಗೆ ಹೋದರೆ ಹೆಚ್ಚಾಗಿ ಸಿಗುವ ಉತ್ತರ ಒಂದೇ: "ಅದೀಗ ಪ್ರಿಂಟಲ್ಲಿ ಇಲ್ಲ ಸಾರ್." ಅದೇ ಪುಸ್ತಕ ಅಂತರ್ಜಾಲದಲ್ಲಿ ಎಲ್ಲೋ ಒಂದು ಕಡೆ ಕಾಸಿಲ್ಲದೆ ಸಿಗುವಂತಿರಬಹುದು. ಆದರೂ ನಮಗೆ ಸಿಗುವುದಿಲ್ಲ. ಯಾಕೆಂದರೆ ಅದನ್ನು ಪಟ್ಟಿಗೆ ಸೇರಿಸಿದವರು ಪುಸ್ತಕದ ಹೆಸರನ್ನು ನಾವು ಬರೆಯುವ ಹಾಗೆ ಬರೆದಿರುವುದಿಲ್ಲ.

ಈ ಕೆಲಸಕ್ಕೆ ಮುಖ್ಯವಾಗಿ ಬೇಕಾದದ್ದು ಎರಡು. ಲೇಖಕರು ತೀರಿಕೊಂಡ ವರ್ಷ ಗೊತ್ತಿರಬೇಕು. ಪಟ್ಟಿ ಮಾಡಿದವರ ಕಾಗುಣಿತವನ್ನು ಊಹಿಸುವ ತಾಳ್ಮೆ ಇರಬೇಕು. ಉಳಿದದ್ದೆಲ್ಲ ಫೋನು, ಫೈಲು, ಆ್ಯಪುಗಳ ವಿಷಯ. ಅದನ್ನೂ ಕೊನೆಗೆ ಹೇಳಿದ್ದೇನೆ.

ಉದಾಹರಣೆಗೆ 'ಇಂದಿರಾಬಾಯಿ'ಯನ್ನೇ ಇಟ್ಟುಕೊಳ್ಳೋಣ. ಗುಲ್ವಾಡಿ ವೆಂಕಟರಾವ್ ಬರೆದದ್ದು, 1899ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ ಅಚ್ಚಾದದ್ದು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ಇದನ್ನು ಹೆಸರಿಸುತ್ತಾರೆ. ಚಿಕ್ಕ ವಯಸ್ಸಿಗೇ ವಿಧವೆಯಾದ ಹುಡುಗಿಯೊಬ್ಬಳು ಓದಿ, ಮತ್ತೆ ಮದುವೆಯಾಗುವ ಕಥೆ. ಬರೆದವರು ಪೊಲೀಸ್ ಇಲಾಖೆಯಲ್ಲಿದ್ದವರು. ಊರಿನ ದೊಡ್ಡ ಮನುಷ್ಯರ ಒಳಗುಟ್ಟು ಅವರಿಗೆ ಚೆನ್ನಾಗಿ ಗೊತ್ತಿತ್ತು ಅನ್ನುವುದು ಓದುತ್ತಾ ಹೋದ ಹಾಗೆ ಗೊತ್ತಾಗುತ್ತದೆ.

ಹೆಜ್ಜೆ 1: ಲೇಖಕರು ತೀರಿಕೊಂಡ ವರ್ಷ ನೋಡಿ

"ಪುಸ್ತಕ ಹಳೆಯದು, ಹಾಗಾಗಿ ಫ್ರೀ" ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಭಾರತದಲ್ಲಿ ಲೆಕ್ಕ ಹಾಗಿಲ್ಲ. ಪುಸ್ತಕ ಅಚ್ಚಾದ ವರ್ಷಕ್ಕಿಂತ ಲೇಖಕರು ತೀರಿಕೊಂಡ ವರ್ಷ ಮುಖ್ಯ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರು ಬದುಕಿರುವಷ್ಟು ಕಾಲ, ಆಮೇಲೆ 60 ವರ್ಷ ಹಕ್ಕು ಇರುತ್ತದೆ. ಆ 60 ವರ್ಷದ ಎಣಿಕೆ ಶುರುವಾಗುವುದು ಅವರು ತೀರಿಕೊಂಡ ಮುಂದಿನ ಜನವರಿ 1ರಿಂದ.

ಸುಲಭದ ಲೆಕ್ಕ ಹೀಗಿದೆ: ತೀರಿಕೊಂಡ ವರ್ಷಕ್ಕೆ 61 ಕೂಡಿಸಿ. ಬರುವ ವರ್ಷದ ಜನವರಿ 1ರಿಂದ ಆ ಪುಸ್ತಕ ಎಲ್ಲರದು. ಗುಲ್ವಾಡಿಯವರು 1913ರಲ್ಲಿ ತೀರಿಕೊಂಡರು, ಅಲ್ಲಿಗೆ ಪ್ರಶ್ನೆಯೇ ಇಲ್ಲ. 'ಮಹಾಬ್ರಾಹ್ಮಣ' ಬರೆದ ದೇವುಡು ನರಸಿಂಹಶಾಸ್ತ್ರಿಗಳು 1962ರಲ್ಲಿ ತೀರಿಕೊಂಡರು. 61 ಕೂಡಿಸಿದರೆ 2023. ತ್ರಿವೇಣಿ 1963, ಅಂದರೆ 2024.

ಇನ್ನೂ ಕಾಯಬೇಕಾದವರ ಪಟ್ಟಿಯೂ ನೆನಪಿರಲಿ. ಅನಕೃ ತೀರಿಕೊಂಡದ್ದು 1971ರಲ್ಲಿ, ಅವರ ಕಾದಂಬರಿಗಳು ಮುಕ್ತವಾಗುವುದು 2032ಕ್ಕೆ. ಕುವೆಂಪು 2055ಕ್ಕೆ, ಶಿವರಾಮ ಕಾರಂತರು 2058ಕ್ಕೆ. ಇವರ ಕಾದಂಬರಿಗಳ ಪಿಡಿಎಫ್ ವಾಟ್ಸ್‌ಆ್ಯಪಿನಲ್ಲಿ ಓಡಾಡುತ್ತಿದ್ದರೆ ಅದು ಕದ್ದ ಮಾಲು. ಇವು ಅಂಗಡಿಯಲ್ಲಿ ಸಿಗುತ್ತವೆ, ಬೆಲೆಯೂ ಅಂಥ ಜಾಸ್ತಿಯಲ್ಲ. ಕೊಂಡು ಓದಿ.

ಜನ ಎಡವುವ ಒಂದು ಜಾಗ ಇದೆ. ನಂಜನಗೂಡು ತಿರುಮಲಾಂಬ ಅವರ 'ಸುಶೀಲೆ' 1913ರ ಕಾದಂಬರಿ. ನೂರು ವರ್ಷ ದಾಟಿಹೋಗಿದೆ. ಆದರೆ ತಿರುಮಲಾಂಬ ದೀರ್ಘಾಯುಷಿ. 1887ರಲ್ಲಿ ಹುಟ್ಟಿದವರು 1982ರವರೆಗೆ ಇದ್ದರು. ಹಾಗಾಗಿ ಆ ಪುಸ್ತಕ ಮುಕ್ತವಾಗುವುದು 2043ಕ್ಕೆ. ಅವರಿಗಿಂತ ನಲವತ್ತು ವರ್ಷ ಚಿಕ್ಕವರಾದ ತ್ರಿವೇಣಿ ಮೊದಲೇ ಮುಕ್ತರಾದರು! ಕಾನೂನಿನ ಲೆಕ್ಕ ಕೆಲವೊಮ್ಮೆ ಹೀಗೂ ಇರುತ್ತದೆ.

ಈ 60 ವರ್ಷ ಮೊದಲು 50 ಇತ್ತು. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಟ್ಯಾಗೋರರ ಹಕ್ಕು 1991ರ ಕೊನೆಗೆ ಮುಗಿಯಬೇಕಿತ್ತು. ಅದು ಹತ್ತಿರ ಬಂದಾಗ ಅವಧಿಯನ್ನು ಹತ್ತು ವರ್ಷ ಹೆಚ್ಚಿಸಿದರು. ಹಾಗಾಗಿ 50 ವರ್ಷ ಎಂದು ಹೇಳುವ ಹಳೆಯ ಲೇಖನಗಳನ್ನು ನಂಬಿಕೊಂಡು ಲೆಕ್ಕ ಹಾಕಬೇಡಿ.

ಮೂರು ವಿನಾಯಿತಿಗಳನ್ನು ಬೇಗ ಹೇಳಿಬಿಡುತ್ತೇನೆ. ಲೇಖಕರು ತೀರಿಕೊಂಡ ಮೇಲೆ ಮೊದಲ ಸಲ ಅಚ್ಚಾದ ಪುಸ್ತಕವಾದರೆ, 60 ವರ್ಷ ಎಣಿಸುವುದು ಅಚ್ಚಾದ ವರ್ಷದಿಂದ. ಇಬ್ಬರು ಸೇರಿ ಬರೆದದ್ದಾದರೆ ಕೊನೆಗೆ ತೀರಿಕೊಂಡವರ ಲೆಕ್ಕ. ಅನುವಾದವಾದರೆ ಮೂಲ ಲೇಖಕರದು ಒಂದು ಲೆಕ್ಕ, ಅನುವಾದಕರದು ಇನ್ನೊಂದು. ಬಂಕಿಮಚಂದ್ರರ ಬಂಗಾಳಿ ಕಾದಂಬರಿಗಳನ್ನು ಬಿ. ವೆಂಕಟಾಚಾರ್ಯರು ಕನ್ನಡಕ್ಕೆ ತಂದರಲ್ಲ, ಅಲ್ಲಿ ಬಂಕಿಮರು ತೀರಿಕೊಂಡದ್ದು 1894ರಲ್ಲಿ, ವೆಂಕಟಾಚಾರ್ಯರು 1914ರಲ್ಲಿ. ಎರಡೂ ಲೆಕ್ಕ ಚುಕ್ತಾ. ಆದರೆ 'ಇಂದಿರಾಬಾಯಿ'ಗೆ 2019ರಲ್ಲಿ ವನಮಾಲಾ ವಿಶ್ವನಾಥ ಮತ್ತು ಶಿವರಾಮ ಪಡಿಕ್ಕಲ್ ಮಾಡಿದ ಇಂಗ್ಲಿಷ್ ಅನುವಾದ ಇದೆ. ಮೂಲ ಮುಕ್ತವಾಗಿದ್ದರೂ ಈ ಅನುವಾದ ಮುಕ್ತವಲ್ಲ. ಹೊಸ ಮುದ್ರಣಗಳಿಗೆ ಈಗಿನ ವಿದ್ವಾಂಸರು ಬರೆದ ಮುನ್ನುಡಿ, ಟಿಪ್ಪಣಿಗಳೂ ಅಷ್ಟೆ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಲೆಕ್ಕ ಬೇರೆ. ಅಲ್ಲಿ ಹಳೆಯ ಪುಸ್ತಕಗಳಿಗೆ ಅಚ್ಚಾದ ವರ್ಷದಿಂದ 95 ವರ್ಷ ಎಣಿಸುತ್ತಾರೆ. 1930ರವರೆಗೆ ಅಚ್ಚಾದವು 2026ರ ಜನವರಿಗೆ ಮುಕ್ತವಾದವು. ಹಾಗಾಗಿ 'ಸುಶೀಲೆ' ಅಲ್ಲಿ ಮುಕ್ತ, ಇಲ್ಲಿ ಅಲ್ಲ. ತಮಾಷೆ ಅಲ್ವಾ?

ಹೆಜ್ಜೆ 2: ಹಕ್ಕು ಮುಗಿಯದಿದ್ದರೂ ಬಿಟ್ಟುಕೊಟ್ಟವರು ಇದ್ದಾರಾ ನೋಡಿ

ಇದು ಕೆಲವರಿಗೆ ಗೊತ್ತೇ ಇರುವುದಿಲ್ಲ. ನಿರಂಜನರ ಪುಸ್ತಕಗಳಿಗೆ ಹಕ್ಕು ಮುಗಿಯಲು ಇನ್ನೂ ಬಹಳ ವರ್ಷ ಇದೆ. ಆದರೆ 2014ರಲ್ಲಿ ಅವರ ಮಗಳು ತೇಜಸ್ವಿನಿ ನಿರಂಜನ ಅವರು ತಂದೆಯ ಕೃತಿಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟುಕೊಟ್ಟರು. ಯಾರು ಬೇಕಾದರೂ ಓದಬಹುದು, ಹಂಚಬಹುದು. ಲೇಖಕರ ಹೆಸರು ಹಾಕಬೇಕು, ಬದಲಾಯಿಸಿದರೆ ಅದೇ ಪರವಾನಗಿಯಲ್ಲೇ ಕೊಡಬೇಕು.

ಹಾಗಾಗಿ ಎಲ್ಲಿಂದ ಶುರು ಮಾಡಲಿ ಅಂತ ಯಾರಾದರೂ ಕೇಳಿದರೆ ನಾನು ನಿರಂಜನರನ್ನೇ ಹೇಳುತ್ತೇನೆ. ಹುಡುಕುವುದು ಸುಲಭ, ಭಾಷೆ ಹತ್ತಿರದ್ದು, ಮನಸ್ಸಿನಲ್ಲಿ ಅಳುಕೂ ಇರುವುದಿಲ್ಲ. ಕಾಸರಗೋಡಿನ ಕಯ್ಯೂರಿನ ರೈತ ಹೋರಾಟದ ಮೇಲೆ ಬರೆದ 'ಚಿರಸ್ಮರಣೆ'ಯಿಂದ ಶುರು ಮಾಡಿ. 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿದ ನಾಲ್ವರ ಕಥೆ ಅದು.

ಹೆಜ್ಜೆ 3: ಯಾವುದನ್ನು ಓದುವುದು ಅಂತ ತೀರ್ಮಾನಿಸಿ

ಸುಮ್ನೆ 'ಹಳೆಯ ಕನ್ನಡ ಕಾದಂಬರಿ' ಅಂತ ಹುಡುಕಿದರೆ ಏನೂ ಕೈಗೆ ಹತ್ತುವುದಿಲ್ಲ. ಒಂದು ಹೆಸರು ಹಿಡಿದುಕೊಂಡೇ ಹೋಗಬೇಕು.

ಮೈಸೂರು ಕಡೆಯ ಮಾತು ಇಷ್ಟವಾದರೆ ಎಂ.ಎಸ್. ಪುಟ್ಟಣ್ಣನವರ 'ಮಾಡಿದ್ದುಣ್ಣೋ ಮಹಾರಾಯ', 1915ರದು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕಥೆ. ನನ್ನ ಮಟ್ಟಿಗೆ ಆ ಕಾಲದ ಕಾದಂಬರಿಗಳಲ್ಲಿ ಇವತ್ತಿಗೂ ನಗಿಸುವುದು ಇದೊಂದೇ. ಪುಟ್ಟಣ್ಣನವರು ತೀರಿಕೊಂಡದ್ದು 1930ರಲ್ಲಿ.

ಉತ್ತರ ಕರ್ನಾಟಕದ ಕಡೆಯದು ಬೇಕಾದರೆ ಕೆರೂರು ವಾಸುದೇವಾಚಾರ್ಯರ 'ಇಂದಿರೆ'. ಐತಿಹಾಸಿಕ ಕಾದಂಬರಿ ಬೇಕಾದರೆ ಗಳಗನಾಥರು. ಗಳಗನಾಥರು ಪುಸ್ತಕದ ಗಂಟನ್ನು ಹೆಗಲ ಮೇಲೆ ಹೊತ್ತು ಊರೂರು ಸುತ್ತಿ ಮಾರಿದವರು. ಓದುಗರನ್ನು ಹೀಗೆ ಒಬ್ಬೊಬ್ಬರಾಗಿ ಗಳಿಸಿದ ಲೇಖಕರು ಕನ್ನಡದಲ್ಲಿ ಕಡಿಮೆ. ಅವರ 'ಮಾಧವ ಕರುಣಾ ವಿಲಾಸ' ವಿಜಯನಗರದ ಹುಟ್ಟಿನ ಕಥೆ. ಉದ್ದ ಇದೆ, ರಜೆಯಲ್ಲಿ ಹಿಡಿಯಿರಿ.

ಹೆಜ್ಜೆ 4: ಎಲ್ಲೆಲ್ಲಿ ನೋಡಬೇಕು

ಕನ್ನಡ ವಿಕಿಸೋರ್ಸ್‌ನಿಂದ ಶುರು ಮಾಡಿ. ಇಲ್ಲಿರುವುದು ಬರೀ ಪುಟದ ಚಿತ್ರ ಅಲ್ಲ. ಸ್ವಯಂಸೇವಕರು ಕೂತು ಟೈಪ್ ಮಾಡಿ ತಿದ್ದಿದ ಪಠ್ಯ. ನಿರಂಜನರ ಕಾದಂಬರಿಗಳು ಇಲ್ಲಿವೆ. ಪುಸ್ತಕ ತೆರೆದರೆ ಮೇಲ್ಗಡೆ ಡೌನ್‌ಲೋಡ್ ಗುಂಡಿ ಇರುತ್ತದೆ. ಇಪಬ್ (ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಂಡು ಓದಬಹುದಾದ ಇ-ಪುಸ್ತಕದ ಫೈಲು) ಬೇಕೋ ಪಿಡಿಎಫ್ ಬೇಕೋ ಆರಿಸಿಕೊಳ್ಳಿ. ಪುಸ್ತಕದ ಪರಿವಿಡಿ ಪುಟದಲ್ಲಿ ಪುಟಸಂಖ್ಯೆಗಳಿಗೆ ಬಣ್ಣ ಹಚ್ಚಿರುತ್ತಾರೆ. ಕೆಂಪು ಅಂದರೆ ಇನ್ನೂ ಯಾರೂ ತಿದ್ದಿಲ್ಲ. ಹಳದಿ ಅಂದರೆ ಒಬ್ಬರು ತಿದ್ದಿದ್ದಾರೆ. ಹಸಿರು ಅಂದರೆ ಎರಡನೆಯವರೂ ನೋಡಿ ಒಪ್ಪಿದ್ದಾರೆ. ಪುಸ್ತಕದ ತುಂಬಾ ಕೆಂಪೇ ಇದ್ದರೆ ಓದುವಾಗ ಅಕ್ಷರ ದೋಷ ಸಿಗುತ್ತವೆ ಅಂತ ಮೊದಲೇ ತಿಳಿದಿರಲಿ.

ದೊಡ್ಡ ಗಣಿ ಅಂದರೆ ಇಂಟರ್ನೆಟ್ ಆರ್ಕೈವ್ ಎಂಬ ಉಚಿತ ಡಿಜಿಟಲ್ ಗ್ರಂಥಾಲಯ. ಇದರ ಹಿಂದಿನ ಕಥೆ ಗೊತ್ತಿದ್ದರೆ ಹುಡುಕುವುದಕ್ಕೂ ಸಹಾಯವಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮುಂದೆ ನಿಂತು ನಡೆಸಿದ 'ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ' ಎಂಬ ಯೋಜನೆ ಇತ್ತು. ಚಿಕ್ಕದಾಗಿ ಡಿಎಲ್‌ಐ. ದೇಶದ ಹಲವು ಗ್ರಂಥಾಲಯಗಳ ಲಕ್ಷಾಂತರ ಪುಸ್ತಕಗಳನ್ನು ಅದರಲ್ಲಿ ಸ್ಕ್ಯಾನ್ ಮಾಡಿದರು. ಆ ಜಾಲತಾಣ ಮುಚ್ಚಿಹೋಯಿತು. ಅದಕ್ಕೆ ಮೊದಲೇ ಕಾರ್ಲ್ ಮಲಮುದ್ ಎಂಬ ಅಮೆರಿಕನ್ನರು ಅಲ್ಲಿನ ಪುಸ್ತಕಗಳನ್ನು ನಕಲು ಮಾಡಿ ಆರ್ಕೈವ್‌ಗೆ ಸೇರಿಸಿದ್ದರಿಂದ ಅವು ಉಳಿದುಕೊಂಡವು. ಇದಲ್ಲದೆ ಬೆಂಗಳೂರಿನಲ್ಲೇ ಹೊಸದಾಗಿ ಸ್ಕ್ಯಾನ್ ಆಗಿ 'ಸರ್ವೆಂಟ್ಸ್ ಆಫ್ ನಾಲೆಡ್ಜ್' ಎಂಬ ಸಂಗ್ರಹಕ್ಕೆ ಸೇರಿದ ಕನ್ನಡ ಪುಸ್ತಕಗಳೂ ಅಲ್ಲಿವೆ. ಇವು ಬಣ್ಣದ ಸ್ಕ್ಯಾನ್, ಕಣ್ಣಿಗೆ ಹಿತ. ಒಂದೇ ಪುಸ್ತಕ ಎರಡೂ ಕಡೆ ಸಿಕ್ಕರೆ ಇದನ್ನೇ ತೆಗೆದುಕೊಳ್ಳಿ.

ಉಳಿದವು: ಮೈಸೂರಿನ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆಯ 'ಭಾರತವಾಣಿ', ರಾಜ್ಯ ಸರ್ಕಾರದ 'ಕಣಜ', ಐಐಟಿ ಖರಗ್‌ಪುರ ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ. ಮೊದಲೆರಡರಲ್ಲಿ ನಿಘಂಟು, ವಿಮರ್ಶೆ, ಸರ್ಕಾರಿ ಪ್ರಕಟಣೆಗಳೇ ಜಾಸ್ತಿ. ಕಾದಂಬರಿಗೆ ಅಂತ ಹೋದವರಿಗೆ ಅಷ್ಟಾಗಿ ದಕ್ಕುವುದಿಲ್ಲ. ಮೂರನೆಯದು ಬೇರೆ ಕಡೆ ಇರುವ ಪುಸ್ತಕಗಳಿಗೆ ದಾರಿ ತೋರಿಸುವ ಕೈಮರ. ಮಂಗಳೂರಿನ ಬಾಸೆಲ್ ಮಿಶನ್ ಕಾಲದ ಮುದ್ರಣಗಳ ಮೇಲೆ ಆಸಕ್ತಿ ಇದ್ದರೆ ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದ ಗುಂಡರ್ಟ್ ಪೋರ್ಟಲ್ ನೋಡಿ. ಮಲಯಾಳವೇ ಹೆಚ್ಚು, ಜತೆಗೆ ಕನ್ನಡ, ತುಳು ಕೂಡ ಉಂಟು.

ಹೆಜ್ಜೆ 5: ಹೆಸರನ್ನು ಬದಲಾಯಿಸಿ ಬದಲಾಯಿಸಿ ಹುಡುಕಿ

ಇಡೀ ಕೆಲಸದ ಜೀವ ಇರುವುದು ಇಲ್ಲಿ. ಆರ್ಕೈವ್‌ನ ಹುಡುಕು ಪೆಟ್ಟಿಗೆಯಲ್ಲಿ 'ಇಂದಿರಾಬಾಯಿ' ಅಂತ ಕನ್ನಡದಲ್ಲಿ ಟೈಪ್ ಮಾಡಿ, ಏನೂ ಬರಲಿಲ್ಲ ಅಂತ ಎದ್ದು ಹೋಗುವವರೇ ಹೆಚ್ಚು. ಪುಸ್ತಕ ಇಲ್ಲ ಅಂತ ಅದರ ಅರ್ಥ ಅಲ್ಲ.

ಡಿಎಲ್‌ಐ ಕಾಲದಲ್ಲಿ ಪುಸ್ತಕದ ಹೆಸರು, ಲೇಖಕರ ಹೆಸರು ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲಿ ಹಾಕಿದ್ದರು. ಅದಕ್ಕೊಂದು ನಿಯಮ ಇದ್ದ ಹಾಗೆ ಕಾಣುತ್ತದೆ, ಆದರೆ ಎಲ್ಲರೂ ಅದನ್ನು ಪಾಲಿಸಿಲ್ಲ. ಒಂದು ಕಡೆ ದೀರ್ಘ ಬಂದಾಗ 'ಎ' ಅಕ್ಷರ ಎರಡು ಸಲ, 'ಐ' ಅಕ್ಷರ ಎರಡು ಸಲ. ಇನ್ನೊಂದು ಕಡೆ ಒಂದೊಂದೇ. ಟ, ಡ, ಣ, ಳ ಬಂದಲ್ಲಿ ಮಧ್ಯೆ ಒಂದು ಉದ್ಧರಣ ಚಿಹ್ನೆ ತುರುಕಿರುವುದೂ ಉಂಟು. ಪದಗಳನ್ನು ಕೂಡಿಸಿದ್ದಾರೋ ಬಿಡಿಸಿದ್ದಾರೋ ಅದೂ ಅವರವರ ಇಷ್ಟ. 'ಇಂದಿರಾಬಾಯಿ' ಒಂದೇ ಪದವಾಗಿರಬಹುದು, 'ಇಂದಿರಾ ಬಾಯಿ' ಎರಡಾಗಿರಬಹುದು, ಕೊನೆಯ 'ಯಿ' ಬದಲು ಬರೀ 'ಐ' ಇರಬಹುದು.

ಹೀಗೆ ಮಾಡಿ. ಒಂದು ಹಾಳೆ ತೆಗೆದುಕೊಳ್ಳಿ. ಮೊದಲು ಹೆಸರನ್ನು ಕನ್ನಡದಲ್ಲಿ ಬರೆದು, ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ಅದರ ಎಲ್ಲ ರೂಪಗಳನ್ನು ಬರೆದುಕೊಳ್ಳಿ. ದೀರ್ಘ ಇರುವುದು, ಇಲ್ಲದಿರುವುದು. 'ವ'ಗೆ ಎರಡು ಬಗೆಯ ಅಕ್ಷರ. ಮಹಾಪ್ರಾಣದಲ್ಲಿ 'ಎಚ್' ಇರುವುದು, ಇಲ್ಲದಿರುವುದು. ಆಮೇಲೆ ಒಂದೊಂದನ್ನೇ ಹಾಕಿ ನೋಡಿ. ಬರೆಯುವುದು ಬೇಸರ ಅನ್ನಿಸಿದರೆ ನಕ್ಷತ್ರ ಚಿಹ್ನೆ ಇದೆ. ಹೆಸರಿನ ಮೊದಲ ನಾಲ್ಕೈದು ಅಕ್ಷರ ಬರೆದು ಪಕ್ಕದಲ್ಲಿ * ಹಾಕಿದರೆ, ಆ ಅಕ್ಷರಗಳಿಂದ ಶುರುವಾಗುವ ಪದಗಳೆಲ್ಲ ಬರುತ್ತವೆ. ದೀರ್ಘ ಬರುವ ಮೊದಲೇ ನಕ್ಷತ್ರ ಹಾಕುವುದು ಜಾಣತನ. ಇಂಗ್ಲಿಷ್ ಅಕ್ಷರದಲ್ಲಿ 'ಇಂದಿರ್' ತನಕ ಬರೆದು * ಹಾಕಿ. ಇಂದಿರಾ ಗಾಂಧಿಯವರ ಪುಸ್ತಕಗಳೂ ರಾಶಿ ರಾಶಿ ಬರುತ್ತವೆ. ಆಗ ಎಡಗಡೆ ಇರುವ ಭಾಷೆಯ ಪಟ್ಟಿಯಲ್ಲಿ ಕನ್ನಡ ಆರಿಸಿ.

ಭಾಷೆಯ ಸೋಸುವಿಕೆ ಮೊದಲೇ ಹಾಕಬೇಡಿ, ಕೊನೆಗೆ ಹಾಕಿ. ಕೆಲವು ಪುಸ್ತಕಗಳಿಗೆ ಭಾಷೆಯನ್ನೇ ನಮೂದಿಸಿಲ್ಲ. ಕೆಲವಕ್ಕೆ ತಪ್ಪು ಭಾಷೆ. ಮೊದಲೇ ಸೋಸಿದರೆ ಅವು ಜಾರಿಹೋಗುತ್ತವೆ.

ಹೆಸರಿನಿಂದ ಸಿಗದಿದ್ದರೆ ಲೇಖಕರನ್ನು ಹಿಡಿಯಿರಿ. ಇಲ್ಲೂ ಅದೇ ಗೋಳು. ವೆಂಕಟರಾವ್, ವೆಂಕಟರಾಯ, ವೆಂಕಟ ರಾವು ಎಲ್ಲ ಒಬ್ಬರೇ. ಹಾಗಾಗಿ ಅಪರೂಪದ ಭಾಗ ಯಾವುದೋ ಅದನ್ನು ಹಾಕಿ. ವೆಂಕಟರಾವ್ ಊರಿಗೊಬ್ಬರು. 'ಗುಲ್ವಾಡಿ' ಹಾಗಲ್ಲ. ಇನಿಷಿಯಲ್ ಹಾಕಲೇಬೇಡಿ. ಒಬ್ಬರು 'ಎಂ.ಎಸ್.' ಬರೆದರೆ ಇನ್ನೊಬ್ಬರು 'ಎಮ್. ಎಸ್.' ಬರೆಯುತ್ತಾರೆ, ಮಗದೊಬ್ಬರು ಪೂರ್ತಿ ಹೆಸರು ಬಿಡಿಸಿ ಬರೆಯುತ್ತಾರೆ. 'ಪುಟ್ಟಣ್ಣ' ಸಾಕು. ಕಾವ್ಯನಾಮ ಇರುವವರಿಗೆ ಎರಡೂ ಹೆಸರು ಹಾಕಿ ನೋಡಿ. ಗಳಗನಾಥರು ವೆಂಕಟೇಶ ತಿರಕೋ ಕುಲಕರ್ಣಿ ಅನ್ನುವ ಹೆಸರಿನಲ್ಲಿ ಅಡಗಿರಬಹುದು, ನಿರಂಜನರು ಕುಳಕುಂದ ಶಿವರಾಯ ಅನ್ನುವ ಹೆಸರಿನಲ್ಲಿ.

ಉಪಶೀರ್ಷಿಕೆಯೂ ಒಂದು ದಾರಿ. ಹಳೆಯ ಕಾದಂಬರಿಗಳಿಗೆ 'ಅಥವಾ' ಅಂತ ಎರಡನೆಯ ಹೆಸರು ಇಡುವ ರೂಢಿ ಇತ್ತು. 'ಇಂದಿರಾಬಾಯಿ'ಯ ಎರಡನೆಯ ಹೆಸರು 'ಸದ್ಧರ್ಮ ವಿಜಯವು'. ಮೊದಲ ಹೆಸರಿಗೆ ಸಿಗದ ಪುಸ್ತಕ ಎರಡನೆಯದಕ್ಕೆ ಸಿಗುವುದುಂಟು.

ಕನ್ನಡ ಅಕ್ಷರದಲ್ಲೇ ಹುಡುಕುವಾಗ ಕಣ್ಣಿಗೆ ಕಾಣದ ಇನ್ನೊಂದು ತೊಡಕಿದೆ. 'ರಾವ್' ಅಂತ ಬರೆದು ಮುಂದೆ ಇನ್ನೊಂದು ಅಕ್ಷರ ಅಂಟಬಾರದು ಅಂತ ನಮ್ಮ ಕೀಬೋರ್ಡುಗಳು ಮಧ್ಯೆ ಒಂದು ಅದೃಶ್ಯ ಅಕ್ಷರ ಹಾಕುತ್ತವೆ. ನಮಗೆ ಎರಡೂ ಒಂದೇ ಥರ ಕಾಣುತ್ತದೆ, ಯಂತ್ರಕ್ಕೆ ಬೇರೆ ಬೇರೆ. ಅರ್ಧಾಕ್ಷರದಲ್ಲಿ ಮುಗಿಯುವ ಪದ ಬಿಟ್ಟು ಬೇರೆ ಪದ ಹಾಕಿ ನೋಡಿ.

ಇಷ್ಟೆಲ್ಲ ರಗಳೆ ಇದೆ ಅಂತಲೇ ಬೆಂಗಳೂರಿನ ಸಂಚಯ ತಂಡದವರು 'ಪುಸ್ತಕ ಸಂಚಯ' ಅಂತ ಒಂದು ಪಟ್ಟಿ ಕಟ್ಟಿದರು. ಡಿಎಲ್‌ಐ ಮತ್ತು ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಸಂಗ್ರಹದಲ್ಲಿರುವ ಕನ್ನಡ ಪುಸ್ತಕಗಳ ಹೆಸರನ್ನು ಕನ್ನಡ ಲಿಪಿಗೆ ತಂದು ಹುಡುಕುವಂತೆ ಮಾಡಿದರು. ಮೊದಲು ಅಲ್ಲೊಮ್ಮೆ ನೋಡಿದರೆ ಎಷ್ಟೋ ಶ್ರಮ ಉಳಿಯುತ್ತದೆ.

ಹೆಜ್ಜೆ 6: ಸಿಕ್ಕಿದ್ದು ನಿಮಗೆ ಬೇಕಾದ ಪುಸ್ತಕವೇ ಅಂತ ನೋಡಿ

ಇಳಿಸಿಕೊಳ್ಳುವ ಮೊದಲು ಅಲ್ಲೇ ಪುಟ ತಿರುಗಿಸಿ. ಡಿಎಲ್‌ಐ ಪುಸ್ತಕ ತೆರೆದರೆ ಮೊದಲ ಪುಟದಲ್ಲಿ ಕಾದಂಬರಿಯ ಹೆಸರು ಇರದೆ, ದಪ್ಪ ಅಕ್ಷರದಲ್ಲಿ 'ಯೂನಿವರ್ಸಲ್ ಲೈಬ್ರರಿ' ಅಂತಲೂ ಒಂದು ಉದ್ದನೆಯ ನಂಬರೂ ಇರಬಹುದು. ಹೆದರಬೇಡಿ, ಅದು ಸ್ಕ್ಯಾನ್ ಮಾಡಿದವರ ಗುರುತು. ಅದರ ಹಿಂದೆ ಗ್ರಂಥಾಲಯದ ಚೀಟಿ ಬರುತ್ತದೆ. ಕೊನೆಯಲ್ಲಿ ನಮೂದಿಸಿದ ತಾರೀಖಿನೊಳಗೆ ಪುಸ್ತಕ ಹಿಂತಿರುಗಿಸಿ ಅನ್ನುವ ಸೂಚನೆ, ಕೈಬರಹದಲ್ಲಿ ಲೇಖಕರ ಹೆಸರು. ಅದನ್ನೂ ದಾಟಿದರೆ ನಿಜವಾದ ಮುಖಪುಟ.

ಯಾವ ಮುದ್ರಣ ಅಂತ ನೋಡಿ. ಇಸವಿ ಹಾಕಿಲ್ಲದಿದ್ದರೆ ಸಂವತ್ಸರದ ಹೆಸರು ಇರಬಹುದು. ಅರವತ್ತು ಸಂವತ್ಸರದ ಚಕ್ರ 1867, 1927, 1987ರ ಯುಗಾದಿಗೆ ಪ್ರಭವದಿಂದ ಶುರುವಾಯಿತು. ಅಲ್ಲಿಂದ ಎಣಿಸಿದರೆ ಇಸವಿ ಸಿಗುತ್ತದೆ. 1899ರ ಯುಗಾದಿಗೆ ಬಂದದ್ದು ವಿಕಾರಿ. ಶಕವರ್ಷ ಕೊಟ್ಟಿದ್ದರೆ 78 ಕೂಡಿಸಿ. ಇದೂ ಇಲ್ಲದಿದ್ದರೆ ಬೆಲೆ ನೋಡಿ. ಆಣೆ ಲೆಕ್ಕದಲ್ಲಿದ್ದರೆ ಬಹುಮಟ್ಟಿಗೆ 1957ಕ್ಕಿಂತ ಹಿಂದಿನ ಮುದ್ರಣ, ಯಾಕೆಂದರೆ ನಯಾಪೈಸೆ ಬಂದದ್ದು ಆ ವರ್ಷದ ಏಪ್ರಿಲ್ 1ಕ್ಕೆ.

ಆಮೇಲೆ ಪುಟಗಳು ಪೂರ್ತಿ ಇವೆಯಾ ನೋಡಿ. ಎಲ್ಲ ಪುಟ ನೋಡುವುದು ಬೇಡ. ಮೂವತ್ತು ನಲವತ್ತು ಪುಟಕ್ಕೊಮ್ಮೆ ನಿಂತು, ಅಚ್ಚಾದ ಪುಟಸಂಖ್ಯೆಗೂ ಸ್ಕ್ಯಾನ್ ಸಂಖ್ಯೆಗೂ ಇರುವ ವ್ಯತ್ಯಾಸ ಬರೆದುಕೊಳ್ಳಿ. ಮೊದಲು 14 ಇದ್ದದ್ದು ಮಧ್ಯದಲ್ಲಿ 12 ಆದರೆ ಎರಡು ಪುಟ ಬಿಟ್ಟುಹೋಗಿವೆ. 16 ಆದರೆ ಎರಡು ಪುಟ ಎರಡು ಸಲ ಸ್ಕ್ಯಾನ್ ಆಗಿವೆ. ಕೊನೆಯ ಪ್ರಕರಣ ಇದೆಯಾ ಅಂತ ಮರೆಯದೆ ನೋಡಿ. ಮುನ್ನೂರು ಪುಟ ಓದಿ ಕೊನೆ ಇಲ್ಲ ಅಂದರೆ ಆಗುವ ಸಂಕಟ ಬೇಡ. ಹಳೆಯ ಪುಸ್ತಕದ ಕೊನೆಯಲ್ಲೋ ಮೊದಲಲ್ಲೋ ತಪ್ಪೊಪ್ಪುಗಳ ಪಟ್ಟಿ ಇದ್ದರೆ ಅದರ ಪುಟವನ್ನೂ ಗುರುತು ಮಾಡಿಟ್ಟುಕೊಳ್ಳಿ.

ಆರ್ಕೈವ್‌ನಲ್ಲಿ ಇದೆ ಅಂದಮಾತ್ರಕ್ಕೆ ಮುಕ್ತ ಅಂತಲ್ಲ. ಅಲ್ಲಿ ಯಾರು ಬೇಕಾದರೂ ಏನು ಬೇಕಾದರೂ ಏರಿಸಬಹುದು. ಡಿಎಲ್‌ಐ ಕೂಡ ಹಕ್ಕು ಮುಗಿಯದ ಪುಸ್ತಕಗಳನ್ನು ಸ್ಕ್ಯಾನ್ ಮಾಡಿತ್ತು. ಮೊದಲ ಹೆಜ್ಜೆಯ ಲೆಕ್ಕವನ್ನು ನೀವೇ ಹಾಕಿಕೊಳ್ಳಬೇಕು.

ಹೆಜ್ಜೆ 7: ಸರಿಯಾದ ಫೈಲ್ ಇಳಿಸಿಕೊಳ್ಳಿ

ವಿಕಿಸೋರ್ಸ್ ಆದರೆ ಇಪಬ್. ಆರ್ಕೈವ್ ಆದರೆ ಪಿಡಿಎಫ್. ಇದನ್ನು ಉಲ್ಟಾ ಮಾಡಬೇಡಿ.

ಕಾರಣ ಇದೆ. ಆರ್ಕೈವ್ ಕೊಡುವ ಇಪಬ್ ಅನ್ನು ಯಂತ್ರ ತಾನಾಗಿ ಮಾಡಿರುತ್ತದೆ. ಪುಟದ ಚಿತ್ರ ನೋಡಿ ಅಕ್ಷರ ಗುರುತಿಸುವ ಆ ತಂತ್ರಾಂಶಕ್ಕೆ ಮೊದಲು ಕನ್ನಡ ಬರುತ್ತಲೇ ಇರಲಿಲ್ಲ. ಎಷ್ಟೋ ಡಿಎಲ್‌ಐ ಪುಸ್ತಕಗಳ ವಿವರದಲ್ಲಿ ಈ ಭಾಷೆಯ ಅಕ್ಷರ ಗುರುತಿಸಲು ಸದ್ಯಕ್ಕೆ ಆಗದು ಅಂತಲೇ ಬರೆದಿದೆ. 2020ರ ಹೊತ್ತಿಗೆ ಟೆಸರಾಕ್ಟ್ ಎಂಬ ಬೇರೆ ತಂತ್ರಾಂಶ ಬಂದ ಮೇಲೆ ಕನ್ನಡವನ್ನೂ ಓದುತ್ತದೆ. ಆದರೆ ಹಳೆಯ ಮೊಳೆ ಅಚ್ಚಿನಲ್ಲಿ ಮಾಸಿದ ಒತ್ತಕ್ಷರ ಕಂಡರೆ ಅದು ಇನ್ನೂ ತಡವರಿಸುತ್ತದೆ. ಪಿಡಿಎಫ್‌ನಲ್ಲಿ ಪುಟದ ಚಿತ್ರವೇ ಇರುವುದರಿಂದ ಆ ಚಿಂತೆ ಇಲ್ಲ.

ಬಲಗಡೆ ಇರುವ ಡೌನ್‌ಲೋಡ್ ಪಟ್ಟಿಯಲ್ಲಿ ಪಿಡಿಎಫ್ ಒತ್ತಿ. ಮುಕ್ತ ಪುಸ್ತಕಕ್ಕೆ ಖಾತೆ ತೆರೆಯಬೇಕಿಲ್ಲ. 'ಎರವಲು' ಅಂತ ಗುಂಡಿ ಕಂಡರೆ ಅದು ಓದಿ ಹಿಂತಿರುಗಿಸುವ ಪುಸ್ತಕ, ಇಳಿಸಿಕೊಳ್ಳುವುದಕ್ಕಲ್ಲ. ಬಣ್ಣದ ಸ್ಕ್ಯಾನ್ ನೂರು ಎಂಬಿ ದಾಟಬಹುದು. ಮನೆಯ ವೈಫೈ ಇರುವಾಗ ಇಳಿಸಿ.

ಇಳಿಸಿದ ತಕ್ಷಣ ಫೈಲಿನ ಹೆಸರು ಬದಲಾಯಿಸಿ. ಅಂಕೆಗಳ ಮಾಲೆಯಂಥ ಹೆಸರಿನ ಫೈಲು ಒಂದು ತಿಂಗಳಾದ ಮೇಲೆ ಯಾವ ಪುಸ್ತಕ ಅಂತ ನಿಮಗೇ ಗೊತ್ತಾಗುವುದಿಲ್ಲ. ಲೇಖಕ, ಪುಸ್ತಕ, ಮುದ್ರಣದ ಇಸವಿ, ಇಷ್ಟು ಸಾಕು. ಇನ್ನೊಂದು ಪ್ರತಿ ಪೆನ್‌ಡ್ರೈವಿನಲ್ಲೋ ಕಂಪ್ಯೂಟರಿನಲ್ಲೋ ಇರಲಿ. 2024ರ ಅಕ್ಟೋಬರಿನಲ್ಲಿ ಆರ್ಕೈವ್ ಮೇಲೆ ಸೈಬರ್ ದಾಳಿ ಆಗಿ ಕೆಲವು ದಿನ ಅದು ತೆರೆಯಲೇ ಇಲ್ಲ. ಡಿಎಲ್‌ಐ ತಾಣವಂತೂ ಹೋದದ್ದು ಮತ್ತೆ ಬರಲಿಲ್ಲ.

ಹೆಜ್ಜೆ 8: ಫೋನಿನಲ್ಲಿ ಕಣ್ಣು ನೋಯದ ಹಾಗೆ ಓದಿ

ಸ್ಕ್ಯಾನ್ ಪಿಡಿಎಫ್ ಅನ್ನು ಫೋನಿನಲ್ಲಿ ಓದುವಾಗ ದೊಡ್ಡ ಕಿರಿಕಿರಿ ಅಂದರೆ ಪ್ರತಿ ಸಾಲಿಗೂ ಅತ್ತಿಂದಿತ್ತ ಎಳೆಯುವುದು. ಮೊದಲ ಉಪಾಯ, ಫೋನನ್ನು ಅಡ್ಡ ಹಿಡಿಯಿರಿ. ಎರಡನೆಯದು, ಅಂಚು ಕತ್ತರಿಸುವ ಸೌಲಭ್ಯ ಇರುವ ಆ್ಯಪ್ ಬಳಸಿ. ಲಿಬ್ರೆರಾ, ರೀಡ್‌ಎರಾ ಎರಡೂ ಉಚಿತವಾಗಿ ಸಿಗುತ್ತವೆ. ಹಳೆಯ ಪುಸ್ತಕಗಳ ಅಂಚು ಅಗಲ. ಅದನ್ನು ಕತ್ತರಿಸಿದರೆ ಅಕ್ಷರ ಎದ್ದು ಕಾಣುವಷ್ಟು ದೊಡ್ಡದಾಗುತ್ತದೆ.

ಮೂರನೆಯ ಉಪಾಯ ನನಗೆ ತುಂಬಾ ಇಷ್ಟ. ಕೆಓರೀಡರ್ ಅನ್ನುವ ಉಚಿತ ಆ್ಯಪ್ ಇದೆ. ಅದರಲ್ಲಿ 'ರೀಫ್ಲೋ' ಒತ್ತಿದರೆ ಪುಟದ ಚಿತ್ರವನ್ನು ಪದ ಪದವಾಗಿ ಕತ್ತರಿಸಿ, ಫೋನಿನ ಅಗಲಕ್ಕೆ ತಕ್ಕ ಹಾಗೆ ಮತ್ತೆ ಜೋಡಿಸುತ್ತದೆ. ಅಕ್ಷರ ಓದುವುದೇ ಇಲ್ಲ, ಬರೀ ಖಾಲಿ ಜಾಗ ನೋಡಿ ಕತ್ತರಿಸುತ್ತದೆ. ಹಾಗಾಗಿ ಯಾವ ಲಿಪಿಯಾದರೂ ಸರಿ. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿದಿರುವುದರಿಂದ ಕೆಲವು ಕಡೆ ಸಾಲು ಒಡೆಯಬಹುದು. ಒಂದೆರಡು ಪುಟ ಪರೀಕ್ಷೆ ಮಾಡಿ, ಸರಿಬರದಿದ್ದರೆ ಅಂಚು ಕತ್ತರಿಸುವುದಕ್ಕೇ ವಾಪಸ್ ಬನ್ನಿ.

ಮನೆಯಲ್ಲಿ ಕಣ್ಣು ಮಂಜಾದ ಅಜ್ಜಿಗೋ ತಾತನಿಗೋ ಕೇಳಿಸಬೇಕಾದರೆ, ಪಿಡಿಎಫ್‌ನಿಂದ ಹತ್ತು ಹತ್ತು ಪುಟ ಬೇರೆ ಮಾಡಿ ಗೂಗಲ್ ಡ್ರೈವ್‌ಗೆ ಹಾಕಿ, ಕಂಪ್ಯೂಟರಿನಲ್ಲಿ ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ. ಚಿತ್ರ ಕನ್ನಡ ಪಠ್ಯವಾಗುತ್ತದೆ. ಆಂಡ್ರಾಯ್ಡ್ ಫೋನಿನ ಕನ್ನಡ ಧ್ವನಿ ಅದನ್ನು ಓದಿ ಹೇಳುತ್ತದೆ. ಇಡೀ ಪುಸ್ತಕ ಒಂದೇ ಸಲ ಹಾಕಬೇಡಿ, ಅರ್ಧಕ್ಕೇ ನಿಂತುಬಿಡುತ್ತದೆ.

ಹೆಜ್ಜೆ 9: ಮೊದಲ ಎರಡು ಪ್ರಕರಣ ದಾಟಿ

ಪುಸ್ತಕ ಸಿಕ್ಕಿ, ಫೋನಿಗೆ ಬಂದು, ಮೂರನೆಯ ಪುಟಕ್ಕೇ ನಿಲ್ಲಿಸುವವರು ತುಂಬಾ ಜನ. ಆ ಕಾಲದ ಕಾದಂಬರಿ ಶುರುವಾಗುವುದೇ ನಿಧಾನ. ಊರಿನ ವರ್ಣನೆ, ವಂಶದ ವರ್ಣನೆ, ನಡುವೆ ಒಂದಿಷ್ಟು ನೀತಿ. ವಾಕ್ಯಗಳು ಉದ್ದ. ಪದಗಳ ನಡುವೆ ಜಾಗ ಬಿಡದೆ ಅಂಟಿಸಿರುತ್ತಾರೆ. ಪುಟಸಂಖ್ಯೆ ಕನ್ನಡ ಅಂಕಿಯಲ್ಲಿ.

ಗಟ್ಟಿಯಾಗಿ ಓದಿ ನೋಡಿ. ಕಣ್ಣಿಗೆ ಗೋಜಲಾಗಿದ್ದ ವಾಕ್ಯ ಕಿವಿಗೆ ಸಲೀಸಾಗುತ್ತದೆ. ಗೊತ್ತಿಲ್ಲದ ಪದ ಬಂದಾಗಲೆಲ್ಲ ನಿಘಂಟು ತೆಗೆಯಬೇಡಿ, ಪುಟಕ್ಕೆ ಎರಡು ಸಾಕು. 'ಇಂದಿರಾಬಾಯಿ'ಯಲ್ಲಿ ಕರಾವಳಿಯ ಮಾತು ಬರುತ್ತದೆ, 'ಮಾಡಿದ್ದುಣ್ಣೋ ಮಹಾರಾಯ'ದಲ್ಲಿ ಮೈಸೂರು ಸೀಮೆಯದು. ನಿಮ್ಮ ಊರಿನದಲ್ಲದ ಪದವನ್ನು ಆ ಕಡೆಯ ಹಿರಿಯರೊಬ್ಬರಿಗೆ ಫೋನ್ ಮಾಡಿ ಕೇಳಿ. ನಿಘಂಟಿಗಿಂತ ಚೆನ್ನಾಗಿ ಹೇಳುತ್ತಾರೆ.

ಪುಟ ಬಿಟ್ಟುಹೋಗಿದ್ದರೆ ಏನು ಮಾಡುವುದು?

ಅದೇ ಪುಸ್ತಕದ ಬೇರೆ ಸ್ಕ್ಯಾನ್ ಇದೆಯಾ ಅಂತ ಐದನೆಯ ಹೆಜ್ಜೆಯ ಹಾಗೆ ಮತ್ತೆ ಹುಡುಕಿ. ಡಿಎಲ್‌ಐನಲ್ಲಿ ಒಂದೇ ಕಾದಂಬರಿ ಬೇರೆ ಬೇರೆ ಗ್ರಂಥಾಲಯದಿಂದ ಎರಡು ಮೂರು ಸಲ ಸ್ಕ್ಯಾನ್ ಆಗಿರುವುದು ಉಂಟು, ಬೇರೆ ಬೇರೆ ಕಾಗುಣಿತದಲ್ಲಿ. ಸಿಗದಿದ್ದರೆ ಹತ್ತಿರದ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲೋ ಬೆಂಗಳೂರಿನ ಕನ್ನಡ ಸಾಹಿತ್ಯ ಪರಿಷತ್ತಿನ ಗ್ರಂಥಾಲಯದಲ್ಲೋ ಕೇಳಿ. ಯಾವ ಪುಟ ಬೇಕು ಅಂತ ಸಂಖ್ಯೆ ಬರೆದುಕೊಂಡೇ ಹೋಗಿ. ಇಡೀ ಪುಸ್ತಕ ಕೇಳುವುದಕ್ಕಿಂತ ಎರಡು ಪುಟ ನೋಡಿಕೊಳ್ಳುತ್ತೇನೆ ಅಂದರೆ ಸುಲಭವಾಗಿ ಒಪ್ಪುತ್ತಾರೆ.

ಓದಿದ ಪುಸ್ತಕ ಹಿಡಿಸಿದರೆ, ಅದು ಮುಕ್ತವಾಗಿದ್ದರೆ, ವಿಕಿಸೋರ್ಸ್‌ನಲ್ಲಿ ಖಾತೆ ತೆರೆದು ಕೆಂಪು ಪುಟಗಳನ್ನು ಹಳದಿ ಮಾಡುವ ಕೆಲಸಕ್ಕೆ ಕೈ ಹಾಕಬಹುದು. ಎಡಗಡೆ ಪಠ್ಯ, ಬಲಗಡೆ ಸ್ಕ್ಯಾನ್. ನೋಡಿಕೊಂಡು ತಿದ್ದುವುದು, ಉಳಿಸುವುದು. ದಿನಕ್ಕೆ ಒಂದೇ ಪುಟ ಮಾಡಿದರೂ ನಡೆಯುತ್ತದೆ. ತಿದ್ದುವಾಗ ಹಳೆಯ ಕಾಗುಣಿತವನ್ನು ಈಗಿನ ರೀತಿಗೆ ಬದಲಾಯಿಸಬೇಡಿ. ಅಚ್ಚಿನಲ್ಲಿ ಹೇಗಿದೆಯೋ ಹಾಗೆಯೇ ಇರಲಿ.